ಒಂದೂಕಾಲು ಸುತ್ತು

ನನ್ನ ಬರೆಯುವ ಮೇಜಿನ ಮೇಲೆ, ಮಸಿಕುಡಿಕೆಯ ಪಕ್ಕದಲ್ಲಿ, ಒಂದು ಪುಟ್ಟ ಹಿತ್ತಾಳೆಯ ಉಂಗುರವಿದೆ. ಮನೆಗೆ ಬಂದ ಹೆಂಗಸರು ಅದನ್ನು ಸೊಟ್ಟಗಾದ ಕಾಲುಂಗುರ ಎಂದುಕೊಳ್ಳುತ್ತಾರೆ. ಗಂಡಸರು ಯಾವುದೋ ಗಡಿಯಾರದೊಳಗಿನ ಭಾಗವೆಂದು ತಿಳಿದವರಂತೆ ತಲೆಯಾಡಿಸುತ್ತಾರೆ. ಎರಡೂ ಅಲ್ಲ. ಎರಡು ಕೊಳವೆಗಳು ಕೂಡುವ ಕೀಲಿನೊಳಗೆ ಕೂರುವ ಉಂಗುರ ಅದು. ಮೇಲಿನ ನಟ್ಟನ್ನು ತಿರುಗಿಸುತ್ತ ಹೋದಂತೆ ಈ ಬಡಪಾಯಿ ಒಳಗೊಳಗೇ ಅಮುಕಿಸಿಕೊಂಡು, ಕೊಳವೆಯ ಮೈಯನ್ನು ಸುತ್ತಲೂ ಕಚ್ಚಿ ಹಿಡಿಯುತ್ತದೆ. ಆಮೇಲೆ ಒಂದು ಹನಿ ನೀರೂ ಹೊರಗೆ ಬರುವಂತಿಲ್ಲ. ಲೋಹಕ್ಕೆ ಲೋಹವೇ ಒತ್ತಿ ಕೂರುತ್ತದೆ. ನಡುವೆ ನೀರು ತಡೆಯಲೆಂದು ಸುತ್ತುವ ನಾರಿಲ್ಲ, ಬಳಿಯುವ ಬಣ್ಣವಿಲ್ಲ, ಚರ್ಮವಿಲ್ಲ. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಡಿ, ಮಿತ್ರರೇ. ಚರ್ಮವಿಲ್ಲ ಎಂಬ ಒಂದೇ ಒಂದು ಸದ್ಗುಣಕ್ಕಾಗಿ ಇದು ನಮ್ಮ ಮನೆ ಸೇರಿತು. ಇದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಉರಿಯಲಿ ಎಂದೇ ಕಣ್ಣೆದುರು ಇಟ್ಟುಕೊಂಡಿದ್ದೇನೆ.

ಮಧುಗಿರಿಯ ಬೆಟ್ಟದ ಬುಡದ ಬೀದಿಯೊಂದರಲ್ಲಿ ನಮ್ಮದು ಹುಣಸೆಹಣ್ಣು, ಬೆಲ್ಲದ ವ್ಯಾಪಾರದ ಮನೆ. ಹಣೆಗೆ ವಿಭೂತಿ, ಎದೆಗೆ ಲಿಂಗ, ನಾಲಗೆಗೆ ಶರಣರ ಮಾತು, ಇವಕ್ಕೆ ಅಲ್ಲಿ ಯಾವತ್ತೂ ಬರವಿರಲಿಲ್ಲ. ಯಜಮಾನರು ನಮ್ಮ ದೊಡ್ಡಪ್ಪ. ಅವರ ಪೂಜೆಯ ನೀರಿಗೆ ಅಗ್ಗಣಿ ಎಂದು ಹೆಸರು. ದೀಕ್ಷೆಯಾದ ಮನೆಯವರೇ ಮಿಂದು, ಒದ್ದೆ ಬಟ್ಟೆಯಲ್ಲಿ, ದಾರಿಯಲ್ಲಿ ಯಾರನ್ನೂ ಸೋಕದೆ ಅದನ್ನು ಮೆಟ್ಟಿಲ ಬಾವಿಯಿಂದ ಹೊತ್ತು ತರಬೇಕು. ಅಡಿಗೆಗೂ ಕುಡಿಯುವುದಕ್ಕೂ ಅದೇ ಬಾವಿಯ ನೀರು, ಅದೇ ನೇಮ. ದೊಡ್ಡಮ್ಮ ಎಂದೋ ಹೋಗಿದ್ದರು, ಅವ್ವನೂ ತೀರಿಕೊಂಡಿದ್ದಳು. ದೊಡ್ಡಪ್ಪ, ಅಪ್ಪ, ಅಣ್ಣ, ನಾನು, ಹೀಗೆ ನಾಲ್ವರು ಗಟ್ಟಿಮುಟ್ಟಾದ ಗಂಡಸರಿದ್ದ ಆ ಮನೆಗೆ ಉಳಿದಿದ್ದ ಒಂದೇ ಹೆಣ್ಣು ಜೀವವೆಂದರೆ ಅಣ್ಣನ ಹೆಂಡತಿ, ನನ್ನ ಅತ್ತಿಗೆ ಗೌರಮ್ಮ. ದಿನಕ್ಕೆ ಎಂಟು ಬಿಂದಿಗೆ ನೀರು. ಬಾವಿಗೆ ನಲವತ್ತು ಮೆಟ್ಟಿಲು.

ಅತ್ತಿಗೆಗೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಐದನೆಯ ತಿಂಗಳು ತುಂಬುವ ಮೊದಲೇ ಇಳಿದುಹೋಗಿತ್ತು. ಮೂರನೆಯ ಸಲ ಆಸ್ಪತ್ರೆಯ ಲೇಡಿ ಡಾಕ್ಟರು ಅಣ್ಣನನ್ನು ಎದುರಿಗೆ ನಿಲ್ಲಿಸಿಕೊಂಡು, ಹೆರಿಗೆಯಾಗುವ ತನಕ ಈಕೆ ಭಾರ ಎತ್ತಕೂಡದು, ಎತ್ತಿದರೆ ಇದೂ ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿದರು. ಅಣ್ಣ ಬಂದು ದೊಡ್ಡಪ್ಪನಿಗೆ ಅರುಹಿದ. ದೊಡ್ಡಪ್ಪ “ಎಲ್ಲಾ ಶಿವನಿಚ್ಛೆ” ಎಂದರು. ಬಿಂದಿಗೆ ಅತ್ತಿಗೆಯ ಸೊಂಟದ ಮೇಲೆ, ಹೊಣೆ ಶಿವನ ತಲೆಯ ಮೇಲೆ. ಮನೆಯ ಗಂಡಸರಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಇನ್ನೇನು ಬೇಕು!

ಅದೇ ವರ್ಷ ಊರಿಗೆ ಕೊಳವೆಯ ನೀರು ಬಂತು. ನಾನು ಆಗಷ್ಟೇ ಮಿಡ್ಲ್‌ಸ್ಕೂಲಿಗೆ ಮೇಷ್ಟರಾಗಿದ್ದೆ. ವಾದ ಮಾಡುವುದೆಂದರೆ ಹಬ್ಬದೂಟ. ಮನೆಯೊಳಗೇ ನಲ್ಲಿ ಹಾಕಿಸೋಣ, ಅತ್ತಿಗೆಗೆ ನಲವತ್ತು ಮೆಟ್ಟಿಲು ತಪ್ಪುತ್ತದೆ ಎಂದು ದೊಡ್ಡಪ್ಪನ ಮುಂದೆ ನಿಂತೆ.

“ಆ ನಲ್ಲಿಯೊಳ್ಗೆ ಚರ್ಮದ ಬಿಲ್ಲೆ ಮಡಗ್ತಾರಂತೆ ಕಣ್ಲಾ,” ಎಂದರು ದೊಡ್ಡಪ್ಪ. “ಸತ್ತ ದನದ ಚರ್ಮ ತೊಳ್ದಿರೋ ನೀರ ಲಿಂಗಕ್ಕೆ ಹುಯ್ಯಕ್ಕಾಯ್ತದೇನ್ಲಾ?”

ನನ್ನ ರಕ್ತ ಕುದಿಯಿತು. ಕೊರಟಗೆರೆಯ ದಾರಿಯಲ್ಲಿ ನಮ್ಮದೇ ಒಂದು ತೋಟವಿತ್ತು. ಅಲ್ಲಿ ಕಪಿಲೆ ಹೊಡೆಯುತ್ತಿದ್ದರು. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಜಗ್ಗಿದಾಗ ಬಾವಿಯ ಆಳದಿಂದ ಬಾಯಿತುಂಬ ನೀರು ತುಂಬಿಕೊಂಡು ಮೇಲೇರಿ ಬರುವ ಬಾನಿ ಯಾತರದ್ದು? ಒಂದು ಇಡೀ ಚರ್ಮದ್ದು! ಆ ನೀರು ಕುಡಿದು ಬೆಳೆದ ತೆಂಗಿನಕಾಯಿ ಪೂಜೆಗೆ ಆಗುತ್ತದೆ, ಆ ನೀರು ಕುಡಿದ ವೀಳ್ಯದೆಲೆ ಗುರುಗಳ ತಟ್ಟೆಗೆ ಆಗುತ್ತದೆ, ಹೆಬ್ಬೆರಳ ಉಗುರಿನಷ್ಟು ಬಿಲ್ಲೆಯ ಪಕ್ಕದಲ್ಲಿ ಹರಿದ ನೀರು ಮಾತ್ರ ಆಗುವುದಿಲ್ಲ. ಇದನ್ನೆಲ್ಲ ನಾನು ಏರಿದ ದನಿಯಲ್ಲಿ ಹೇಳಿದೆ.

“ಭೂಮ್ತಾಯಿ ಮ್ಯಾಲೆ ಹರುದ್ಮ್ಯಾಕೆ ಯಾವ್ ನೀರಾದ್ರೂ ಶುದ್ಧವೇಯ. ನಾಕಕ್ಷರ ಕಲ್ತೆ ಅಂತ ನಂಗೇ ಬುದ್ಧಿ ಹೇಳಕ್ಕೆ ಬಂದ್ಬುಟ್ಯಾ?” ಎಂದು ದೊಡ್ಡಪ್ಪ ಎದ್ದುಹೋದರು.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ಹಾಗೆ. ಆದರೂ ನಾನು ಬಿಡಲಿಲ್ಲ. ಒಂದು ವಾರ ಕಾಡಿ ಬೇಡಿದ ಮೇಲೆ, ಚರ್ಮದ ಸೋಂಕಿಲ್ಲದ ನಲ್ಲಿಯಾದರೆ, ಮನೆಯೊಳಗಿನ ಕೊಳವೆ ಪೂಜೆಗೆ ಸಲ್ಲುವ ತಾಮ್ರದ್ದಾದರೆ, “ನೋಡಾನ” ಎಂಬ ಅಪ್ಪಣೆ ಸಿಕ್ಕಿತು. ಊರಾಚೆಯ ನೀರಿನ ಮನೆಯ ಯಂತ್ರದೊಳಗೆ ಎಷ್ಟು ಚರ್ಮವಿದೆಯೋ ಆ ಶಿವನೇ ಬಲ್ಲ. ಆ ವಿಷಯದಲ್ಲಿ ನಾನು ಜಾಣತನದಿಂದ ಬಾಯಿ ಮುಚ್ಚಿಕೊಂಡೆ.

ಸಿರಾದ ದಸ್ತಗೀರ್ ಸಾಬರು ಆ ಕಾಲಕ್ಕೆ ಸುತ್ತಲ ನಾಲ್ಕು ತಾಲ್ಲೂಕಿಗೂ ಬೇಕಾದ ಫಿಟ್ಟರು. ಬೀದಿಯ ಕಬ್ಬಿಣದ ಕೊಳವೆಗೆ ಒಳಗಿನ ತಾಮ್ರದ ಕೊಳವೆಯನ್ನು ಚರ್ಮವಿಲ್ಲದೆ ಸೇರಿಸುವ ಕೀಲು ಬೆಂಗಳೂರಿನಲ್ಲಿ ಸಿಗುತ್ತದೆಂದು ಹೇಳಿದವರು ಅವರೇ. “ಕೀಲು ಒಂದೇ ಸಾಕು ಸ್ವಾಮಿ. ಉಂಗ್ರ ಮಾತ್ರ ನಾಕು ತನ್ನಿ. ಅದು ಒಂದು ಕಿತ ಕಚ್ಚಿದ್ರೆ ಮುಗೀತು, ತಿರ್ಗಾ ಕೆಲ್ಸಕ್ಕೆ ಬರಾಕಿಲ್ಲ,” ಎಂದರು. ತುಮಕೂರಿನವರೆಗೆ ಮೋಟಾರಿನಲ್ಲಿ, ಅಲ್ಲಿಂದಾಚೆಗೆ ರೈಲಿನಲ್ಲಿ ಹೋದೆ. ಅಂಗಡಿಯವನು ಹಲಗೆಯ ಮೇಲೆ ಮೂರು ಬಗೆಯ ಕೀಲುಗಳನ್ನು ಸಾಲಾಗಿ ಇಟ್ಟ: ಚರ್ಮದ ಬಿಲ್ಲೆಯದು, ರಬ್ಬರಿನದು, ಬರಿಯ ಉಂಗುರದ್ದು. ಅಳೆಯಬೇಕಾದದ್ದು ಕೊಳವೆಯ ಬಾಯಲ್ಲ, ಹೊರಮೈ ಎಂಬುದನ್ನು ಅಂದು ಕಲಿತೆ. ಉಂಗುರ ಕೊಳವೆಯ ಮೇಲೆ ಕೈಯಿಂದಲೇ ಜಾರಬೇಕು, ಆದರೆ ಅಲುಗಾಡಬಾರದು. ನಟ್ಟು ಬೆರಳಲ್ಲೇ ಸರಾಗವಾಗಿ ಓಡಬೇಕು, ಎಲ್ಲಿಯೂ ತೊಡರಬಾರದು. ಹತ್ತಾರು ಉಂಗುರಗಳನ್ನು ಬೆಳಕಿಗೆ ಹಿಡಿದು, ಗೆರೆಯಿಲ್ಲದ, ಓರೆಯಿಲ್ಲದ ಒಂದನ್ನು ಹೆಣ್ಣು ನೋಡಲು ಬಂದವನ ಗತ್ತಿನಲ್ಲಿ ಆರಿಸಿದೆ. ಹೌದು, ಒಂದನ್ನೇ. ಒಂದು ಕೀಲಿಗೆ ನಾಲ್ಕು ಉಂಗುರ ಏಕೆ, ಸಾಬರಿಗೆ ತಮ್ಮ ಕೈಯ ಮೇಲೆ ನಂಬಿಕೆಯಿಲ್ಲವೇ ಎಂದು ನಾಕಕ್ಷರ ಕಲಿತ ನನ್ನ ತಲೆ ತರ್ಕಿಸಿತು. ನಲ್ಲಿಯನ್ನೂ ಹುಡುಕಿ ಹುಡುಕಿ, ಹಿತ್ತಾಳೆಗೆ ಹಿತ್ತಾಳೆಯೇ ಉಜ್ಜಿ ಕೂತು ನೀರು ತಡೆಯುವ ಹಳೆಯ ಮಾದರಿಯದನ್ನು ತಂದೆ.

ಸಾಬರು ಕೆಲಸ ಮಾಡುವುದನ್ನು ನೋಡುವುದೇ ಒಂದು ಚಂದ. ತಾಮ್ರದ ಕೊಳವೆಯನ್ನು ಗರಗಸದಿಂದ ನೇರವಾಗಿ ಕೊಯ್ದರು, ಅಂಚಿನ ಮುಳ್ಳನ್ನೆಲ್ಲ ಅರದಿಂದ ಉಜ್ಜಿ ನುಣುಪು ಮಾಡಿದರು, ನಲ್ಲಿಯ ತುದಿಗೆ ಬೆಸುಗೆ ಹಾಕಿದರು. ಕೊಳವೆಯೊಳಗೆ ಉದುರಿದ ತಾಮ್ರದ ಪುಡಿಯನ್ನು ತೆಗೆಯಲು ಅದರ ತುದಿಗೆ ಬಾಯಿಟ್ಟು ಫೂ ಎಂದು ಊದಿದರು. ಮೊದಲು ನಟ್ಟನ್ನು, ಹಿಂದೆಯೇ ಉಂಗುರವನ್ನು ಏರಿಸಿ, ಕೊಳವೆಯನ್ನು ಕೀಲಿನೊಳಗೆ ತಳ ಮುಟ್ಟುವವರೆಗೆ ನೂಕಿದರು. “ನೋಡ್ಕಳಿ ಮೇಷ್ಟ್ರೇ. ಕೈಯಾಗೆ ಎಷ್ಟ್ ಬಿಗಿ ಬರ್ತದೋ ಅಷ್ಟು. ಆಮ್ಯಾಕೆ ಪಾನಾದಾಗೆ ಒಂದೂಕಾಲು ಸುತ್ತು. ಬಸ್, ಖತಂ. ಜಾಸ್ತಿ ಜೋರ್ ಮಾಡಿದ್ರೆ ಉಂಗ್ರ ಸತ್ತೋಯ್ತದೆ,” ಎಂದು ಸ್ಪ್ಯಾನರನ್ನು ಒಂದೂಕಾಲು ಸುತ್ತು ತಿರುಗಿಸಿ ಕೈ ಒರೆಸಿಕೊಂಡರು. ನಲ್ಲಿಯಲ್ಲಿ ನೀರು ಬಂತು. ಕೀಲು ಒಣಗಿದಂತೆಯೇ ಇತ್ತು. ಅತ್ತಿಗೆ ಆ ನೀರಿಗೆ ಎರಡೂ ಅಂಗೈಯೊಡ್ಡಿ ನಿಂತೇ ಇದ್ದರು. ಅವರು ನಕ್ಕದ್ದನ್ನು ನಾನು ಆ ತಿಂಗಳಲ್ಲಿ ನೋಡಿದ್ದು ಆಗಲೇ. ಸಾಬರು ಪಾವಗಡದ ಕಡೆ ಯಾವುದೋ ಕೆಲಸವಿದೆಯೆಂದು ಅಂದೇ ಗಾಡಿ ಹತ್ತಿದರು.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಪೂಜೆಗೆ ಕೂರಲಿಲ್ಲ. “ಆ ಸಾಬಿ ಪೈಪಿಗೆ ಬಾಯಿಕ್ಕಿ ಊದ್ಬುಟ್ಟ, ನಾನೇ ಕಣ್ಣಾರೆ ಕಂಡೆ. ಎಂಜ್ಲು ಕಣ್ಲಾ! ಬಿಚ್ಚು ಅದ. ಹುಣಿಸೆಣ್ಣು, ಬೂದಿ ಹಾಕಿ ತೊಳ್ದು, ಈಬೂತಿ ಹಚ್ಚಿ ಹಾಕು,” ಎಂದರು.

ಹಗಲಿರುಳು ತನ್ನೊಳಗೆ ನೀರನ್ನೇ ಹರಿಸುವ ಕೊಳವೆಯನ್ನು ತೊಳೆಯಲೆಂದು ಬಿಚ್ಚಿದ ಮನೆತನ ಭೂಮಂಡಲದಲ್ಲಿ ಇನ್ನೊಂದಿದ್ದರೆ ತೋರಿಸಿ. ನಲ್ಲಿಯನ್ನು ತಿರುಗಿಸಿದ್ದರೆ ಸಾಕಿತ್ತು. ಇದನ್ನು ಹೇಳಲು ಬಾಯಿ ತೆರೆದೆ, ದೊಡ್ಡಪ್ಪ ದಿಟ್ಟಿಸಿ ನೋಡಿದರು, ಮುಚ್ಚಿದೆ. ಅಷ್ಟು ದಿನ ಗಂಟಲು ಹರಿಯುವಂತೆ ವಾದಿಸಿದವನು, ವಾದಿಸಲೇಬೇಕಾಗಿದ್ದ ಹೊತ್ತಿಗೆ ಸ್ಪ್ಯಾನರು ಹುಡುಕಿಕೊಂಡು ಬಂದೆ. ಊರಿಗೆ ನೀರು ಬಿಡುವ ಆಳಿನಿಂದ ಬೀದಿಯ ತಿರುಪು ಮುಚ್ಚಿಸಿ, ಬಿಚ್ಚಿದವನು ನಾನೇ. ಉಂಗುರ ಕೊಳವೆಯನ್ನು ಕಚ್ಚಿಕೊಂಡು ಕೂತಿತ್ತು. ಅದರಡಿಯಲ್ಲೂ ಎಂಜಲು ಉಳಿದೀತೆಂದು ದೊಡ್ಡಪ್ಪ ಅನುಮಾನಿಸಿದಾಗ, ಉಳಿಯಿಟ್ಟು ಮೀಟಿ ಮೀಟಿ ಅದನ್ನು ಕಿತ್ತವನೂ ನಾನೇ. ತೊಳೆದು, ವಿಭೂತಿ ಬಳಿದು ಮತ್ತೆ ಜೋಡಿಸಿ ನೀರು ಬಿಡಿಸಿದೆ. ಒಂದೂಕಾಲು ಸುತ್ತಿಗೆ ನೀರು ಜಿನುಗಿತು. ಎರಡು ಸುತ್ತು ಬಿಗಿದೆ, ಧಾರೆಯಾಯಿತು. ಸ್ಪ್ಯಾನರಿನ ಮೇಲೆ ಮೈಭಾರ ಹಾಕಿ ಮೂರನೆಯ ಸುತ್ತು ತಿರುಗಿಸಿದೆ. ನೀರು ಎದುರಿನ ಮಣ್ಣಿನ ಗೋಡೆಗೆ ಚಿಮ್ಮಿ ಹೆಂಟೆ ಹೆಂಟೆಯಾಗಿ ಮಣ್ಣು ಕಳಚತೊಡಗಿತು. ಮಧ್ಯಾಹ್ನದ ಹೊತ್ತಿಗೆ ನೀರಿನ ಆಳು ಮತ್ತೆ ಬಂದು ಬೀದಿಯ ತಿರುಪು ತಿರುಗಿಸಿ ಮನೆಗೆ ನೀರು ನಿಲ್ಲಿಸಿಹೋದ. ದೊಡ್ಡಪ್ಪ, “ನಾನು ಮದ್ಲೇ ಹೇಳ್ನಿಲ್ವಾ?” ಎಂದರು.

ಬೀದಿ ನಲ್ಲಿಯ ನೀರು ನಿಷಿದ್ಧವಾಗಿತ್ತು. ಅದರಲ್ಲಿ ಚರ್ಮವೂ ಇತ್ತು, ಊರಿನವರೆಲ್ಲರ ಕೈಯೂ ಇತ್ತು. ನಾನು ಅಂದೇ ಬೆಂಗಳೂರಿಗೂ ಸಾಬರಿಗೂ ಕಾಗದ ಬರೆದೆ, ಎರಡರಲ್ಲೂ ಆ ನಲವತ್ತು ಮೆಟ್ಟಿಲಿನ ವಿಚಾರವನ್ನು ಕಲ್ಲೂ ಕರಗುವಂತೆ ವರ್ಣಿಸಿದೆ. ಉಂಗುರ ಅಂಚೆಯಲ್ಲಿ ಬಂದು, ಸಾಬರು ಪಾವಗಡದಿಂದ ಬರುವುದಕ್ಕೆ ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನವೂ ಅತ್ತಿಗೆ ಬಾವಿಗೆ ಹೋದರು. ಒಂಬತ್ತನೆಯ ದಿನ ಬೆಳಿಗ್ಗೆ, ತುಂಬಿದ ಬಿಂದಿಗೆಯೊಡನೆ ಮೆಟ್ಟಿಲೇರುವಾಗ ಅವರಿಗೆ ರಕ್ತ ಕಂಡಿತಂತೆ. ಬಿಂದಿಗೆಯನ್ನು ಅಲ್ಲೇ ಕುಕ್ಕಿ ಕೂಗಬಹುದಿತ್ತು. ಅಗ್ಗಣಿಯಲ್ಲವೇ! ಮನೆಯವರೆಗೂ ತಂದು, ದೇವರ ಕೋಣೆಯಲ್ಲಿ ಇಳಿಸಿ, ಆಮೇಲೆ ಹಿತ್ತಲಿಗೆ ಹೋಗಿ ಗೋಡೆ ಹಿಡಿದು ಕೂತರು. ಮಗು ಹೋಯಿತು. ಆ ದಿನದ ಪೂಜೆ ಆ ನೀರಿನಲ್ಲೇ ಸಾಂಗವಾಗಿ ನಡೆಯಿತು. ಅತ್ತಿಗೆಗೆ ಮತ್ತೆ ಬಸಿರು ನಿಲ್ಲಲಿಲ್ಲ.

ಸಾಬರು ಬಂದು ಕೀಲು ಬಿಚ್ಚಿ, ಸೊಟ್ಟಗಾದ ಉಂಗುರವನ್ನು ಅಂಗೈಯಲ್ಲಿಟ್ಟು ನೋಡಿದರು. ನಡೆದದ್ದನ್ನು ಹೇಳಿದೆ. “ನಾನು ಊದಿದ್ಕಾ? ನಲ್ಲಿ ತಿರ್ಗ್ಸಿದ್ರೆ ನೀರೇ ತೊಳೀತಿತ್ತಲ್ಲ ಸ್ವಾಮಿ,” ಎಂದು ಮೆಲ್ಲಗೆ ಹೇಳಿ, ಉಂಗುರವನ್ನು ನನ್ನ ಕೈಗಿತ್ತರು. ಹೊಸ ಉಂಗುರ ಹಾಕಿ, ಒಂದೂಕಾಲು ಸುತ್ತು ಬಿಗಿದು, ಕೊಟ್ಟ ಮಜ್ಜಿಗೆಯನ್ನು ಬೇಡವೆಂದು ಹೋದರು.

ಆ ನಲ್ಲಿ ಇಂದಿಗೂ ಒಂದು ಹನಿ ಸೋರಿಲ್ಲ. ಯುದ್ಧ ಬಂತು, ಮುಗಿಯಿತು. ದೊಡ್ಡಪ್ಪನಿಗೆ ಮಂಡಿನೋವು ಬಂತು, ಹಲ್ಲು ಹೋಯಿತು, ಶಾಸ್ತ್ರ ಮೆತ್ತಗಾಯಿತು. ಈಗ ಜಗಲಿಯ ಮೇಲೆ ಕೂತು, “ನಲ್ಲಿ ನೀರು ತಣ್ಗೆ ಚೆಂದಾಗೈತೆ, ಇನ್ನೊಂದ್ ಚೊಂಬು ತತ್ತಾ ಗೌರಿ,” ಎಂದು ಅದೇ ಅತ್ತಿಗೆಯನ್ನು ಕೂಗುತ್ತಾರೆ. ಆ ಕೂಗು ಕಿವಿಗೆ ಬಿದ್ದಾಗ ಹಲ್ಲು ಕಚ್ಚಿಕೊಳ್ಳುತ್ತೇನೆ. ಬಂದ ನೆಂಟರಿಗೆಲ್ಲ ಈ ಉಂಗುರ ತೋರಿಸಿ, ದೊಡ್ಡಪ್ಪನ ಮಡಿಯ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳುವುದು ಹತ್ತು ವರ್ಷಗಳಿಂದ ನಡೆದುಬಂದ ನನ್ನ ನಿತ್ಯಪೂಜೆ.

ನಿನ್ನೆಯೂ ಒಬ್ಬರಿಗೆ ಹೇಳುತ್ತಿದ್ದೆ. ಅತ್ತಿಗೆ ಪಕ್ಕದ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ನೆಂಟರು ಎದ್ದುಹೋದ ಮೇಲೆ, ತಲೆ ಎತ್ತದೆಯೇ ಕೇಳಿದರು: “ಅಲ್ಲ ಕಣಪ್ಪ, ಆ ಹನ್ನೆಲ್ಡು ದಿನ ನೀನೂ ಮನೇಲೇ ಇದ್ಯಲ್ಲ. ನಿಂಗೂ ದೀಕ್ಷೆ ಆಗಿತ್ತು. ನೀನೊಂದೆಲ್ಡು ಬಿಂದ್ಗೆ ತಂದಿದ್ರೆ ದ್ಯಾವ್ರೇನ್ ಬ್ಯಾಡ ಅಂತಿದ್ನಾ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದಂತಿತ್ತು. ತುಮಕೂರು ದಾಟಿ ಬೆಂಗಳೂರಿಗೆ ಹೋದೆ, ಉಂಗುರದ ಓರೆಕೋರೆ ನೋಡಿದೆ, ಕಾಗದದಲ್ಲಿ ಕಣ್ಣೀರು ಸುರಿಸಿದೆ, ಕಪಿಲೆಯ ಬಾನಿಯನ್ನು ಹಿಡಿದು ದೊಡ್ಡಪ್ಪನನ್ನು ಜಾಲಾಡಿದೆ. ಬಿಂದಿಗೆ ಎತ್ತಬೇಕೆಂದು ಒಂದು ಸಲವೂ ಹೊಳೆಯಲಿಲ್ಲ. ಅಪ್ಪನಿಗೆ ಹೊಳೆಯಲಿಲ್ಲ, ಅಣ್ಣನಿಗೆ ಹೊಳೆಯಲಿಲ್ಲ. ಆದರೆ ಸುಧಾರಕನೆಂದು ಬೀಗುತ್ತಿದ್ದವನು ನಾನು. ದೊಡ್ಡಪ್ಪನ ಮೇಲಿನ ಸಿಟ್ಟು ಇಂಗಿಲ್ಲ, ಇಂಗುವುದೂ ಬೇಡ. ಆದರೆ ಅದಕ್ಕಿಂತ ದೊಡ್ಡ ಸಿಟ್ಟೊಂದು ನಿನ್ನೆಯಿಂದ ನನ್ನನ್ನು ನಿದ್ದೆ ಮಾಡಗೊಟ್ಟಿಲ್ಲ.

ಇಂದು ಬೆಳಿಗ್ಗೆ ನೀರಿನ ಮನೆಯ ಯಂತ್ರ ಕೆಟ್ಟಿದೆಯೆಂದು ನಲ್ಲಿ ನಿಂತಿತ್ತು. ನಾನೇ ಬಾವಿಗೆ ಹೊರಟೆ. ಬಿಂದಿಗೆ ಎಲ್ಲಿದೆ ಎಂದು ಅತ್ತಿಗೆಯನ್ನೇ ಕೇಳಬೇಕಾಯಿತು. ಮೂರು ಬಿಂದಿಗೆ ತರುವಷ್ಟರಲ್ಲಿ ತೊಡೆ ನಡುಗಿ, ಹೆಗಲು ತರಚಿ, ಅರ್ಧ ನೀರು ಅಂಗಿಯ ಮೇಲೇ ಚೆಲ್ಲಿತು. ಬೀದಿಯವರು ನಿಂತು ನೋಡಿದರು. ಈಗ ಒದ್ದೆ ಕೈಯಲ್ಲೇ ಬರೆಯಲು ಕೂತಿದ್ದೇನೆ. ಉಂಗುರ ತನ್ನ ಜಾಗದಲ್ಲಿ, ಮಸಿಕುಡಿಕೆಯ ಪಕ್ಕದಲ್ಲಿ ಇದೆ. ಅದನ್ನು ಎಷ್ಟು ಸುತ್ತು ಬಿಗಿಯಬೇಕೆಂಬುದು ನನಗೆ ಹತ್ತು ವರ್ಷಗಳಿಂದ ಬಾಯಿಪಾಠ. ಬಾವಿಯ ಮೆಟ್ಟಿಲುಗಳನ್ನು ಇಂದು ಮೊದಲ ಸಲ ಎಣಿಸಿದೆ. ಅರವತ್ತೆರಡು ಇವೆ.