ಸೂಜಿ ಮಸೆಯುತ್ತಿದ್ದ ಚಿಕ್ಕಮ್ಮ

ಚಿಕ್ಕಮ್ಮನ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಗಳು ಬೆಂದು ಬೆಂದು ಗಟ್ಟಿಯಾಗಿದ್ದವು. ಕುದಿಯುವ ನೀರಿನಿಂದ ಗಾಜಿನ ಸಿರಿಂಜನ್ನು ಬರಿಗೈಯಲ್ಲೇ ಎತ್ತುತ್ತಿದ್ದಳು. ಇಕ್ಕುಳದಲ್ಲಿ ಎತ್ತಲು ಹೋಗಿ ಒಂದು ಸಿರಿಂಜು ಒಡೆದಿತ್ತು. ಆಮೇಲೆ ಇಕ್ಕುಳವನ್ನು ನಂಬಲಿಲ್ಲ.

ನನ್ನ ತಾಯಿ ತೀರಿಕೊಂಡ ಮೇಲೆ ಅಪ್ಪ ಊರಿಂದ ಕಟ್ಟಿಕೊಂಡು ಬಂದ ಎರಡನೆಯ ಹೆಂಡತಿ ಅವಳು. ಮುಂಬಯಿಯ ಕುರ್ಲಾದ ನಮ್ಮ ಚಾಳಿಗೆ ಅವಳು ಬಂದ ವರ್ಷವೇ, ಎಪ್ಪತ್ತರ ಆಸುಪಾಸಿನಲ್ಲಿ, ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ನನಗಾಗ ಏಳು ವರ್ಷ. ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತಿತ್ತು. ದಿನವೂ ಚುಚ್ಚಿಸಿಕೊಳ್ಳದಿದ್ದರೆ ಬದುಕಿಲ್ಲ. ಚುಚ್ಚಿದ ಮೇಲೆ ಊಟ ತಡವಾದರೂ ಕಷ್ಟ. ಬೆವರಿ, ಕೈಕಾಲು ನಡುಗಿ, ಪ್ರಜ್ಞೆ ತಪ್ಪುತ್ತಿತ್ತು. ಆಗೆಲ್ಲ ಒಂದೇ ಸೂಜಿಯನ್ನು ಮತ್ತೆ ಮತ್ತೆ ಬಳಸಬೇಕಿತ್ತು. ಮೊಂಡಾದ ಸೂಜಿ ನನಗೆ ನೋಯುತ್ತದೆಂದು ಚಿಕ್ಕಮ್ಮ ಬಾಗಿಲ ಬೆಳಕಿನಲ್ಲಿ ಕೂತು ಅದನ್ನು ಕಲ್ಲಿಗೆ ಮಸೆಯುತ್ತಿದ್ದಳು.

ಮಲತಾಯಿ ಸೂಜಿ ಮಸೆಯುವುದನ್ನು ಕಂಡ ಮೇಲೆ ಚಾಳಿನವರಿಗೆ ಬೇರೆ ಸಾಕ್ಷಿ ಬೇಕೆ? ಪಕ್ಕದ ಖೋಲಿಯ ವಿಜಾಪುರದ ಹೆಂಗಸು ನಲ್ಲಿಯ ಹತ್ತಿರ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು: "ಎಂಥಾ ತಾಯಿರೀ ಇಕಿ? ಕೂಸಿಗೆ ದಿನಾ ಸೂಜಿ ಚುಚ್ತಾಳ, ಒಂದ್ ಚೂರು ಬೆಲ್ಲ ಕೊಡಂಗಿಲ್ಲ."

ಆ ಕರುಣಾಮಯಿಗಳೇ ನನ್ನನ್ನು ಮೆಟ್ಟಿಲ ಮರೆಗೆ ಕರೆದು ಬಾಯಿಗೆ ಪೇಡಾ ತುರುಕಿ, ಸೆರಗಿನಿಂದ ತುಟಿ ಒರೆಸಿ ಕಳಿಸುತ್ತಿದ್ದರು. ಅಂಥ ಕರುಣೆಗೆ ಬೆಂಕಿ ಬೀಳಲಿ. ಚಿಕ್ಕಮ್ಮ ನನ್ನ ಬಾಯಿ ಮೂಸಿ, ಸಿರಿಂಜು ಕುದಿಸಲು ಸ್ಟೋವ್ ಹಚ್ಚುತ್ತಿದ್ದಳು.

ಒಂದು ಚೌತಿಗೆ ನನ್ನ ತಾಯಿಯ ತಾಯಿ, ಉಡುಪಿಯ ಅಜ್ಜಿ, ಬಾಂದ್ರಾದ ಮಾವನ ಮನೆಗೆ ಬಂದಿದ್ದರು. ಮಗುವನ್ನು ಹಬ್ಬಕ್ಕೆ ಕಳಿಸಿ ಎಂದರು. ಚಿಕ್ಕಮ್ಮ ಬೇಡವೆಂದಳು. "ಜನ ಆಡಿಕೊಳ್ತಾರೆ, ಕಳಿಸು" ಎಂದ ಅಪ್ಪ. ಸಿರಿಂಜು, ಔಷಧದ ಡಬ್ಬಿ ಕೊಟ್ಟು, ಮಾವನಿಗೆ ಚುಚ್ಚುವುದನ್ನೂ ಕಲಿಸಿ ಕಳಿಸಿದಳು.

ಅಜ್ಜಿ ಡಬ್ಬಿಯನ್ನು ಅಟ್ಟಕ್ಕೆ ಹಾಕಿಸಿದರು. "ಹಬ್ಬದ ದಿನ ಮಗುವಿನ ರಕ್ತ ತೆಗೆಯುವುದಾ? ದೇವರ ಪ್ರಸಾದ ತಿಂದ್ರೆ ಎಂತ ಆಗುದಿಲ್ಲ" ಎಂದರು. ಮೋದಕ, ಪಾಯಸ, ಪಂಚಕಜ್ಜಾಯ ಎಲ್ಲ ತಿನ್ನಿಸಿದರು. ಮರುದಿನ ನಾನು ವಾಂತಿ ಮಾಡುತ್ತ ಏದುಸಿರು ಬಿಡತೊಡಗಿದಾಗ ಉಪ್ಪು, ಮೆಣಸು ನಿವಾಳಿಸಿ ದೃಷ್ಟಿ ತೆಗೆದರು. ಮಾವ ಓದಿದವನು; ಅವನೂ ಕೈಕಟ್ಟಿ ನಿಂತಿದ್ದ.

ಚಿಕ್ಕಮ್ಮ ಮನಸ್ಸು ತಡೆಯದೆ ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ಆ ಸಂಜೆಯೇ ಬಂದಳು. ಬಗ್ಗಿ ನನ್ನ ಬಾಯಿ ಮೂಸಿದಳು; ಸಕ್ಕರೆ ಮಿತಿಮೀರಿದಾಗ ಬರುವ ಕೊಳೆತ ಹಣ್ಣಿನ ವಾಸನೆ. ನನ್ನನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಟ್ಯಾಕ್ಸಿ ಹಿಡಿದಳು. ಮೇಲಿನಿಂದ ಅಜ್ಜಿ ಕೂಗುತ್ತಿದ್ದರು: "ಮಗುವನ್ನು ಕೊಲ್ಲಲಿಕ್ಕೆ ಕೊಂಡುಹೋಗ್ತಾಳೆ!"

ಆಸ್ಪತ್ರೆಯಲ್ಲಿ ನಾನು ಕಣ್ಣು ಬಿಡುವಷ್ಟರಲ್ಲಿ ಇಡೀ ಚಾಳು ತೀರ್ಪು ಕೊಟ್ಟಾಗಿತ್ತು: ಮಲತಾಯಿಯ ಸೂಜಿಯಿಂದಲೇ ಹೀಗಾಯಿತು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬೆಳೆದ ಮೇಲೆ ಒಮ್ಮೆ ರೇಗಿ ಕೇಳಿದೆ, ನೀನೇಕೆ ಒಬ್ಬರಿಗೂ ತಿರುಗಿ ಉತ್ತರ ಕೊಡಲಿಲ್ಲ ಎಂದು.

"ಜಗಳಕ್ಕೆ ನಿಂತ್ರೆ ನಿನ್ನ ಊಟದ ಹೊತ್ತು ತಪ್ತದಲ್ಲ ಮಗಳೇ" ಎಂದಳು.

ಅವಳು ತೀರಿಹೋದಾಗ ನಾನು ಐವತ್ತು ದಾಟಿದ್ದೆ. ಉತ್ತರಕ್ರಿಯೆಯ ದಿನ, ಎಲೆ ಹಾಕಿದರೆಂದು ಇನ್ಸುಲಿನ್ ಚುಚ್ಚಿಕೊಂಡು ಬಂದು ಕೂತಿದ್ದೆ. ಮಾವ ಪಕ್ಕದವರಿಗೆ ಹೇಳುತ್ತಿದ್ದ: "ಈ ಹುಡುಗಿ ಉಳಿದದ್ದು ನಮ್ಮ ಅಮ್ಮ ಹೊತ್ತ ಹರಕೆಯಿಂದ. ಪಾಪ, ಆ ಹೆಂಗಸಿಗೆ ಎಂತ ಗೊತ್ತಿತ್ತು?"

ನಾನು ಎಲೆ ಬಿಟ್ಟು ಎದ್ದೆ. ಅಟ್ಟದ ಮೇಲಿನ ಡಬ್ಬಿಯಿಂದ ಹಿಡಿದು ಎಲ್ಲವನ್ನೂ ಅವನ ಮುಖಕ್ಕೇ ಹೇಳಿದೆ. ಬಡಿಸುವವರು ನಿಂತುಬಿಟ್ಟರು, ಅನ್ನ ಆರಿತು, ನಾನು ನಿಲ್ಲಿಸಲಿಲ್ಲ. ಕೊನೆಗೆ ಬೆವರು ಇಳಿಯುತ್ತಿತ್ತು, ಕೈ ನಡುಗುತ್ತಿತ್ತು.

"ಎಂಥ ಸಿಟ್ಟು ನೋಡಿ ಇವಳಿಗೆ" ಎಂದರು ಯಾರೋ. ಅದು ಸಿಟ್ಟಿನ ನಡುಕವಲ್ಲವೆಂದು ಗುರುತು ಹಿಡಿಯುವವಳು ಆ ಮನೆಯಲ್ಲಿ ಇನ್ನಿರಲಿಲ್ಲ.