ದಿವಂಗತ ಅತ್ತೆಯ ಕಣ್ಣಿನ ಆಪರೇಷನ್

ನನ್ನ ಸೋದರತ್ತೆ ಸತ್ತು ಆರು ವರ್ಷವಾಗಿದೆ ಎಂಬ ವಿಷಯ ನಮಗೆ ತಿಳಿದದ್ದು ಸರ್ಕಾರಿ ಕಣ್ಣಾಸ್ಪತ್ರೆಯ ಮೂರನೇ ಕಿಟಕಿಯಲ್ಲಿ. ಸುದ್ದಿಯನ್ನು ಮೊದಲು ಕೇಳಿಸಿಕೊಂಡವಳೂ ಅತ್ತೆಯೇ.

"ಕಂಪ್ಯೂಟರಲ್ಲಿ ನೀವು ತೀರಿಕೊಂಡಿದ್ದೀರಿ. ಆಪರೇಷನ್ನಿಗೆ ಹೆಸರು ಬರೆಯೋಕೆ ಬರಲ್ಲ" ಎಂದ ಕಿಟಕಿಯ ಗುಮಾಸ್ತ.

"ಹೌದಾ? ಯಾವತ್ತು ಹೋದೆ ಅಂತ ಸ್ವಲ್ಪ ನೋಡಿ ಹೇಳಪ್ಪ" ಎಂದಳು ಅತ್ತೆ.

ಅವನು ನೋಡಿ ಹೇಳಿದ. ಅದು ಮಾವ ತೀರಿಕೊಂಡ ದಿನ. ಮರಣ ಬರೆಯುವ ಕಚೇರಿಯಲ್ಲಿ ಯಾರದೋ ಬೆರಳು ಒಂದು ಸಾಲು ಕೆಳಗೆ ಜಾರಿ, ಗಂಡನ ಸಾವು ಹೆಂಡತಿಯ ಲೆಕ್ಕಕ್ಕೆ ಬಿದ್ದಿತ್ತು. ಮಾವ ಮಾತ್ರ ಕಾಗದದ ಮೇಲೆ ಗಟ್ಟಿಮುಟ್ಟಾಗಿದ್ದ. ಉಚಿತ ಕಣ್ಣು ತಪಾಸಣೆಗೆ ಬನ್ನಿ ಎಂದು ಅವನಿಗೆ ವರ್ಷ ವರ್ಷವೂ ಇದೇ ಆಸ್ಪತ್ರೆಯಿಂದ ಪತ್ರ ಬರುತ್ತಿತ್ತು. ಅದೇನೋ ಹಳೆಯ ಪಟ್ಟಿ ಎಂದು ನಾವು ಹರಿದು ಎಸೆಯುತ್ತಿದ್ದೆವು.

ಅತ್ತೆ ಬಟ್ಟೆ ಹೊಲಿಯುವವಳು. ಬೀದಿಯಲ್ಲಿ ಎಲ್ಲರೂ ಅವಳನ್ನು 'ಕತ್ತರಿ' ಎನ್ನುತ್ತಾರೆ. ಅರ್ಧ ಕಸುಬಿಗೆ, ಅರ್ಧ ನಾಲಿಗೆಗೆ. ಬೀದಿಗೆ ತೆರೆಯುವ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಮಿಷನ್ನು, ಗೋಡೆಯ ಮೊಳೆಗೆ ನೇತುಹಾಕಿದ ಕಂದು ಕಾಗದದ ಅಳತೆ ಕಟ್ಟು, ಬಿಸ್ಕತ್ತಿನ ಡಬ್ಬದಲ್ಲಿ ನೂಲಿನ ಉಂಡೆಗಳು. ಮೂವತ್ತೈದು ವರ್ಷ ಶಾಲೆಯ ಮಕ್ಕಳ ಚಡ್ಡಿ ಅಂಗಿ ಹೊಲಿದ ಕಣ್ಣಿಗೆ ಈಗ ಪೊರೆ ಬಂದು, ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯಿಂದ ನನ್ನನ್ನು ಕೂಗಬೇಕಿತ್ತು.

ದಾರಕ್ಕಿಂತ ದೊಡ್ಡ ಕಷ್ಟ ಚಿಕ್ಕತ್ತೆಯ ಸಂದೇಶ ಓದುವುದು. ಚಿಕ್ಕತ್ತೆ ಅಂದರೆ ಅತ್ತೆಯ ತಂಗಿ. ರೈಲಿನಲ್ಲಿ ಒಂದು ಹಗಲಿನಷ್ಟು ದೂರದ ಊರಿನಲ್ಲಿದ್ದಾಳೆ. ಅವಳ ಗಂಡ ಕೆಲಸದಿಂದ ನಿವೃತ್ತನಾದಾಗಿನಿಂದ ಹಜಾರದ ಕುರ್ಚಿ ಬಿಟ್ಟೆದ್ದಿಲ್ಲ. ಆ ಮನೆಯಲ್ಲಿ ಬಾಯಿ ತೆರೆದರೆ ಅವನಿಗೆ ಕೇಳಿಸುತ್ತದೆ. ಆದ್ದರಿಂದ ಚಿಕ್ಕತ್ತೆ ಮಾತಾಡುವುದಿಲ್ಲ, ಅಕ್ಕನಿಗೆ ಫೋನಿನಲ್ಲಿ ಬರೆಯುತ್ತಾಳೆ. ದಿನಕ್ಕೆ ನಲವತ್ತು ಸಾಲು. ಗಂಡನ ಗೊರಕೆ, ಗಂಡನ ಜಿಪುಣತನ, ಸೊಸೆಯ ಮುಖದ ಗಂಟು, ಹುಡುಗಿಯಾಗಿದ್ದಾಗ ಬೇಡ ಎಂದ ಇನ್ನೊಂದು ಸಂಬಂಧದವನು ಈಗ ಹೇಗಿರಬಹುದು ಎಂಬ ಯೋಚನೆ, ಎಲ್ಲವೂ. ಅತ್ತೆ ಉತ್ತರವನ್ನು ಫೋನಿಗೆ ಬಾಯಲ್ಲೇ ಹೇಳಿ ದನಿಯನ್ನೇ ಕಳಿಸುತ್ತಾಳೆ, ಒಂದೊಂದೂ ಹನ್ನೊಂದು ನಿಮಿಷ. ತಂಗಿ ಅದನ್ನು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಕೇಳುತ್ತಾಳೆ.

ತಂಗಿಯ ಸಾಲುಗಳನ್ನು ಅತ್ತೆಗೆ ಓದಿ ಹೇಳುವವಳು ನಾನು. ಓದುವಾಗ ಕೆಲವನ್ನು ನುಂಗುತ್ತಿದ್ದೆ.

"ಯಾಕೆ ತಡವರಿಸಿದೆ? ನಿಮ್ಮಮ್ಮನ ವಿಷಯ ಬಂತಾ?" ಎನ್ನುತ್ತಿದ್ದಳು ಅತ್ತೆ. "ಮೊದಲು ಕಣ್ಣು ಬರಲಿ. ನನ್ನ ತಂಗಿ ಮಾತು ನಾನೇ ಓದ್ಕೋತೀನಿ. ನಮ್ಮಿಬ್ಬರ ಮಧ್ಯೆ ನೀನ್ಯಾಕೆ?"

ನನಗೆ ಕೋಪ ಬರುತ್ತಿತ್ತು. ಆದರೆ ಅವಳ ಮಾತು ನ್ಯಾಯವಾಗಿತ್ತು.

ಅದೇ ಸಮಯಕ್ಕೆ, ಜನರ ಫೋನಿನ ಸಂದೇಶಗಳನ್ನೆಲ್ಲ ಸರ್ಕಾರ ನೋಡಬಹುದು ಎಂಬ ಕಾನೂನು ಬಂದು ಟೀವಿಯಲ್ಲಿ ಜಗಳವೋ ಜಗಳ. "ಮುಚ್ಚಿಡೋಕೆ ಏನೂ ಇಲ್ಲದವರು ಯಾಕೆ ಹೆದರಬೇಕು?" ಎಂದು ಮಂತ್ರಿಗಳು ಕೇಳಿದರು. ಅವರ ಮನೆಯ ಕಾಂಪೌಂಡು ಎರಡಾಳೆತ್ತರ, ಕಾರಿನ ಗಾಜು ಕಪ್ಪು. ನಮ್ಮ ಮಹಡಿಯ ಮೇಲಿನ ನಿವೃತ್ತ ಮೇಷ್ಟ್ರು ಫೋನನ್ನು ಹಿಟ್ಟಿನ ಡಬ್ಬದೊಳಗೆ ಹೂತಿಟ್ಟರು. ಅದು ರಿಂಗಾದಾಗಲೆಲ್ಲ ತೆಗೆದು ಮಾತಾಡಿ, ಹಿಟ್ಟು ಮೆತ್ತಿದ ಬಿಳಿ ಕಿವಿಯಲ್ಲೇ ಓಡಾಡುತ್ತಿದ್ದರು.

ಅತ್ತೆಗೆ ಹೆದರಿಕೆಯೇ ಇಲ್ಲ. "ಕೇಳ್ಲಿ ಬಿಡ್ರಿ ಮೇಷ್ಟ್ರೇ. ನನ್ನ ಮಾತು ಕೇಳೋಕೆ ಸಂಬಳ ಕೊಟ್ಟು ಆಳು ಇಟ್ಟಿದ್ದಾರೆ ಅಂದ್ರೆ ಸುಮ್ನೇನಾ? ನಮ್ಮೆಜಮಾನ್ರು ಪುಕ್ಕಟೆ ಕೂಡ ಕೇಳ್ಲಿಲ್ಲ." ಇಷ್ಟು ಹೇಳಿ ಥಟ್ಟನೆ ಮಿಷನ್ನು ನಿಲ್ಲಿಸಿದಳು. "ಅಲ್ಲ, ದಿನಾ ಕೇಳ್ತಾರೆ ಅಂದ್ಮೇಲೆ ನಾನು ಬದುಕಿದ್ದೀನಿ ಅಂತ ಅವರಿಗೆ ಗೊತ್ತಿರಬೇಕಲ್ಲ! ಅವರೇ ಒಂದು ಚೀಟಿ ಕೊಡ್ಲಿ."

ಮರಣದ ಕಚೇರಿಗೆ ನಾಲ್ಕು ತಿಂಗಳು ಅಲೆದು ಚಪ್ಪಲಿ ಸವೆದಿತ್ತು. ತಿದ್ದುಪಡಿಗೆ ಅರ್ಜಿದಾರರು ಜೀವಂತವಿರುವ ಪ್ರಮಾಣಪತ್ರ ಬೇಕು, ಆ ಪತ್ರಕ್ಕೆ ತಿದ್ದುಪಡಿ ಆಗಿರಬೇಕು. ಹಾಗಾಗಿ ಮೇಷ್ಟ್ರು ಸಂದೇಶ ನೋಡುವ ಇಲಾಖೆಗೇ ಅರ್ಜಿ ಬರೆದುಕೊಟ್ಟರು. ಎರಡು ತಿಂಗಳಿಗೆ ಉತ್ತರ ಬಂತು. ಲಕೋಟೆಯ ಮೇಲೆ ಅತ್ತೆಯ ಹೆಸರಿನ ಮುಂದೆ 'ದಿವಂಗತ' ಎಂದಿತ್ತು. ಒಳಗೆ: "ನಮ್ಮ ಇಲಾಖೆಯು ಯಾರ ಸಂದೇಶವನ್ನೂ ನೋಡುವುದಿಲ್ಲ. ಅಲ್ಲದೆ, ಕಳೆದ ತಿಂಗಳು ತಾವು ತಮ್ಮ ಸಹೋದರಿಯೊಡನೆ ಮಾತನಾಡುವಾಗ ಇಲಾಖೆಯ ಬಗ್ಗೆ ಬಳಸಿದ ಭಾಷೆ ಸಭ್ಯವಾಗಿರಲಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಅತ್ತೆ ಕುಣಿಯುತ್ತಾ ಪತ್ರವನ್ನು ಮೂರನೇ ಕಿಟಕಿಗೆ ಒಯ್ದಳು. ಗುಮಾಸ್ತ ಓದಿ, "ಇದರಲ್ಲೂ ದಿವಂಗತ ಅಂತಲೇ ಇದೆಯಲ್ಲಮ್ಮ" ಎಂದು ವಾಪಸು ಕೊಟ್ಟ.

ಮನೆಗೆ ಬಂದವಳೇ ಫೋನು ಹಿಡಿದು ತಂಗಿಗೆ ಹೇಳಿದಳು, "ಕೇಳಿಸ್ಕೊಳ್ಳೇ. ಬರೋ ಸೋಮವಾರ ಈ ಸರ್ಕಾರ ಉರುಳಿಸೋಣ. ಎಲ್ಲ ತಯಾರಾಗಿದೆ. ನೀನು ಆ ಕಡೆಯಿಂದ ತಳ್ಳು, ನಾನು ಈ ಕಡೆಯಿಂದ ಎಳೀತೀನಿ." ನಾನು ಫೋನು ಕಿತ್ತುಕೊಳ್ಳಲು ಹೋದೆ. ಅಷ್ಟರಲ್ಲಿ ಸಂದೇಶ ಹೋಗಿಬಿಟ್ಟಿತ್ತು.

"ಹಿಡಿಯೋಕೆ ಬರ್ಲಿ. ಹಿಡೀಬೇಕಾದ್ರೆ ಬದುಕಿದ್ದೀನಿ ಅಂತ ಬರೀಲೇಬೇಕು" ಎಂದಳು. ಹೌದಲ್ಲ ಎನಿಸಿ ನಾನೂ ನಕ್ಕೆ. ಆ ನಗುವಿಗಾಗಿ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮೂರನೇ ದಿನ ಬೆಳಿಗ್ಗೆ ಒಬ್ಬ ಇನ್‌ಸ್ಪೆಕ್ಟರು, ಒಬ್ಬ ಬರೆಯುವ ಪೇದೆ ಬಂದರು. ಅತ್ತೆ ಮದುವೆಗೆ ಬಂದವರನ್ನು ಕರೆದಂತೆ ಒಳಗೆ ಕರೆದು ಕುರ್ಚಿ ಹಾಕಿದಳು. ಪೇದೆ ಹೆಸರು ನೋಡಿ ತಲೆ ಕೆರೆದುಕೊಂಡ. "ಸಾರ್, ಇವರು ಸತ್ತಿದ್ದಾರೆ."

"ಹಾಗಾದ್ರೆ ಹನ್ನೊಂದು ನಿಮಿಷ ಮಾತಾಡಿದ್ದು ಯಾರಯ್ಯ?" ಎಂದರು ಇನ್‌ಸ್ಪೆಕ್ಟರು.

"ಅದನ್ನೇ ಬರೀರಿ ಸ್ವಾಮಿ, ಅದನ್ನೇ ಬರೀರಿ!" ಎಂದಳು ಅತ್ತೆ.

ಬರೆದರು. ಫೋನು ಒಂದು, ಚಾರ್ಜರು ಒಂದು, 'ಗುರುತು ಹಾಕಿದ ಸಂಶಯಾಸ್ಪದ ನಕ್ಷೆಗಳು' ಇಪ್ಪತ್ತಾರು. ಈ ನಕ್ಷೆಗಳೆಂದರೆ ಆರನೇ ತರಗತಿಯ ಚಡ್ಡಿಗಳ ಅಳತೆ ಕಾಗದ. ಇವಿಷ್ಟನ್ನೂ ಖುದ್ದು ಹಾಜರಿದ್ದ ಸದರಿ ಮಹಿಳೆಯಿಂದ ವಶಪಡಿಸಿಕೊಳ್ಳಲಾಗಿದೆ ಎಂದು ಬರೆದು, ಅವಳ ಸಹಿ ಪಡೆದು, ದುಂಡನೆಯ ಮೊಹರು ಒತ್ತಿ ಒಂದು ಪ್ರತಿ ಕೊಟ್ಟರು. ಮೂರನೇ ಕಿಟಕಿಯ ಗುಮಾಸ್ತ ಮೊಹರು ನೋಡಿದ್ದೇ ಎದ್ದು ನಿಂತ. "ಪೊಲೀಸರೇ ಹೇಳಿದ್ಮೇಲೆ ನೀವು ಬದುಕಿರಲೇಬೇಕು" ಎಂದು ಆಪರೇಷನ್ನಿಗೆ ದಿನ ಕೊಟ್ಟ. ಅತ್ತೆ ಬೀದಿಯ ಮಂದಿಗೆಲ್ಲ ಮಿಠಾಯಿ ಹಂಚಿದಳು.

ಇಲ್ಲಿ ಫೋನು ಜಪ್ತಿಯಾದ ಬೆಳಿಗ್ಗೆಯೇ ಅಲ್ಲಿನ ಪೊಲೀಸರು ಚಿಕ್ಕತ್ತೆಯ ಮನೆಗೂ ಹೋಗಿದ್ದರು. ಇದನ್ನು ಚಿಕ್ಕತ್ತೆಯ ಮಗ ನನಗೆ ಫೋನಿನಲ್ಲಿ ಹೇಳಿದ. ಅವಳು ಬರೆದ ನಾಲ್ಕು ವರ್ಷದ ಸಂದೇಶಗಳನ್ನು ಕಾಗದದಲ್ಲಿ ಅಚ್ಚು ಹಾಕಿಸಿ ಕಟ್ಟು ತಂದಿದ್ದರಂತೆ. ಕಾನೂನಿನ ಪ್ರಕಾರ ಒಂದೊಂದನ್ನೂ ಗಟ್ಟಿಯಾಗಿ ಓದಿ, "ಇದು ನೀವೇ ಬರೆದದ್ದಾ?" ಎಂದು ಕೇಳಬೇಕಂತೆ. ಹಜಾರದಲ್ಲಿ ಓದಿದರು. ಕುರ್ಚಿಯಲ್ಲಿ ಗಂಡ, ಬಾಗಿಲಲ್ಲಿ ಸೊಸೆ. ಗೊರಕೆ ಓದಿದರು, ಜಿಪುಣತನ ಓದಿದರು, ಆ ಇನ್ನೊಂದು ಸಂಬಂಧದವನನ್ನೂ ಓದಿದರು. ಚಿಕ್ಕತ್ತೆ ಪ್ರತಿಯೊಂದಕ್ಕೂ "ಹೌದು" ಎಂದಳಂತೆ. ಕೊನೆಗೆ ಇನ್‌ಸ್ಪೆಕ್ಟರು, ಇದರಲ್ಲಿ ಸರ್ಕಾರದ ವಿರುದ್ಧ ಏನೂ ಇಲ್ಲ, ಹೆದರಬೇಡಿ ಎಂದು ನೀರು ಕೇಳಿ ಕುಡಿದು ಹೋದರಂತೆ.

ಆಪರೇಷನ್ ಮುಗಿಯಲಿ ಎಂದು ಅತ್ತೆಗೆ ಹೇಳಲಿಲ್ಲ. ಈ ಸಲವೂ ಸಾಲು ನುಂಗಿದವಳು ನಾನೇ.

ಕೇಸು ಬಿದ್ದುಹೋಯಿತು, ಫೋನು ವಾಪಸು ಬಂತು. ಆಪರೇಷನ್ ಆಗಿ ಕಣ್ಣಿನ ಪಟ್ಟಿ ಬಿಚ್ಚಿದ ವಾರಕ್ಕೆ ಅತ್ತೆ ತಾನೇ ಸೂಜಿಗೆ ದಾರ ಪೋಣಿಸಿ ನನ್ನ ಮುಖದ ಮುಂದೆ ಆಡಿಸಿದಳು. ಆಗ ಚಿಕ್ಕತ್ತೆಯ ಹಜಾರದಲ್ಲಿ ನಡೆದದ್ದನ್ನು ಹೇಳಿದೆ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಆಮೇಲೆ ಫೋನು ತೆಗೆದುಕೊಂಡು ತಂಗಿಗೆ ತಪ್ಪಾಯ್ತು ಎಂದು ಹೇಳಿ ಕಳಿಸಿದಳು, ಅರ್ಧ ನಿಮಿಷದಲ್ಲಿ.

ಉತ್ತರ ನಾಲ್ಕು ದಿನಕ್ಕೆ ಬಂತು. "ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿರು." ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ.

ಅತ್ತೆ ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು ತಾನೇ ಓದುತ್ತಾಳೆ, ಇನ್ನೊಮ್ಮೆ ಓದುತ್ತಾಳೆ. ನಿನ್ನೆ ನನ್ನನ್ನು ಕೂಗಿ ಫೋನು ಕೈಗಿತ್ತು, "ನೀನು ಓದು. ನನ್ನ ಕಣ್ಣಿಗೆ ಇನ್ನೂ ಸರಿಯಾಗಿ ಕಾಣ್ತಿಲ್ಲ ಅನ್ಸುತ್ತೆ" ಎಂದಳು.

ಓದಿದೆ. ಎರಡೇ ಸಾಲು.

"ಏನೂ ಬಿಡಲಿಲ್ಲ ತಾನೇ?" ಎಂದಳು.

"ಇಲ್ಲ ಅತ್ತೆ" ಎಂದೆ.