ಅಜ್ಜನ ಮಖಮಲ್ಲಿನ ಕೋಟು

ಕಲಬುರಗಿಯ ಗಾಜಿಪುರ ಬಡಾವಣೆಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಎಣ್ಣೆಬಣ್ಣದ ಚಿತ್ರವಿತ್ತು. ಐದಾರು ವರ್ಷದ ಹುಡುಗ, ಹಸಿರು ಮಖಮಲ್ಲಿನ ಕೋಟು, ಬಿಳಿ ಜಾಲರಿಯ ಕಾಲರು, ಕೈಯಲ್ಲೊಂದು ಹಣ್ಣು. ಅದು ತೀರಿಹೋದ ನಮ್ಮ ಅಜ್ಜನ ಬಾಲ್ಯದ ಚಿತ್ರವೆಂದು ಮನೆಯವರೆಲ್ಲ ನಂಬಿದ್ದರು. ನಿಜಾಮರ ಕಾಲದಲ್ಲಿ ಮುತ್ತಜ್ಜ ಕಂದಾಯ ಕಚೇರಿಯಲ್ಲಿದ್ದಾಗ ಹೈದರಾಬಾದಿನಿಂದ ಚಿತ್ರಕಾರನನ್ನು ಕರೆಸಿ ಬರೆಸಿದ್ದಂತೆ. ಕಲಬುರಗಿಯ ಬಿಸಿಲಿನಲ್ಲಿ ಯಾವ ತಾಯಿ ಮಗನಿಗೆ ಮಖಮಲ್ಲು ತೊಡಿಸುತ್ತಾಳೆ, ವೈಷ್ಣವರ ಮನೆಯ ಕೂಸಿನ ತಲೆಯ ಮೇಲೆ ಜುಟ್ಟು ಯಾಕಿಲ್ಲ, ಕೂದಲು ಒಣಗಿದ ಜೋಳದ ದಂಟಿನ ಬಣ್ಣಕ್ಕೆ ಯಾಕಿದೆ ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಒಮ್ಮೆ ನೆರೆಯವರೊಬ್ಬರು ಕೂದಲಿನ ಮಾತೆತ್ತಿದಾಗ ದೊಡ್ಡಪ್ಪ, "ಆವತ್ತ ಎಣ್ಣಿ ಹಚ್ಚಿರಲಿಲ್ರೀ" ಎಂದು ಮಾತು ಮುಗಿಸಿಬಿಟ್ಟರು.

ಈ ಚಿತ್ರದಿಂದ ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟವಳು ನಾನು. ಎಂಬತ್ತರ ದಶಕದ ನಡುವೆ, ನನಗೆ ಹತ್ತು ವರ್ಷವಾಗಿದ್ದಾಗ, ನನ್ನ ಮೂಗು ಚಿತ್ರದ ಮೂಗಿನಂತೆಯೇ ಇದೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಬಂದವರಿಗೆ ಮೊದಲು ನೀರು, ಆಮೇಲೆ ಚಹಾ, ಆಮೇಲೆ ನಾನು. ಚಿತ್ರದ ಪಕ್ಕದಲ್ಲಿ ಕುರ್ಚಿ ಹಾಕಿ ನನ್ನನ್ನು ಅದರ ಮೇಲೆ ನಿಲ್ಲಿಸುತ್ತಿದ್ದರು.

"ಸ್ವಲ್ಪ ಪಕ್ಕಕ್ಕ ತಿರುಗು. ಹಾಂ, ಈಗ ನೋಡ್ರಿ."

ಅತಿಥಿಗಳು ಚಿತ್ರ ನೋಡಿ, ನನ್ನನ್ನು ನೋಡಿ, ತಟ್ಟೆಯಲ್ಲಿ ಉಳಿದ ಚಕ್ಕುಲಿ ನೋಡಿ, "ಖರೇ ಅದರೀ, ಅಚ್ಚ ಒತ್ತಿದಂಗ ಅದ" ಎನ್ನುತ್ತಿದ್ದರು.

ಅಷ್ಟರಲ್ಲಿ ದೊಡ್ಡಪ್ಪ ಜೇವರ್ಗಿ ಕಾಲೋನಿಯಲ್ಲಿ ಹೊಸ ಮನೆ ಕಟ್ಟಿಸಿದರು. ಹಿರಿಯ ಮಗನಾದ್ದರಿಂದ ತಂದೆಯ ಚಿತ್ರ ತಮ್ಮ ಗೋಡೆಗೇ ಬರಬೇಕೆಂದರು. "ಮೂಗು ನನ್ನ ಮಗಳ ಹಂತ್ಯಾಕ ಅದ, ಚಿತ್ರ ಇಲ್ಲೇ ಇರಬೇಕು" ಎಂದು ಅಪ್ಪ ಪಟ್ಟು ಹಿಡಿದರು. ವಾರವಿಡೀ ವಾದವಾಯಿತು. ಕೊನೆಗೆ ಇಬ್ಬರೂ ಒಂದೊಂದು ತುದಿ ಹಿಡಿದು ಅದನ್ನು ಗೋಡೆಯಿಂದ ಇಳಿಸುವಾಗ ಚಿತ್ರ ಜಾರಿ ಬಿತ್ತು. ಕಟ್ಟಿನ ಮೂಲೆ ಬಿಚ್ಚಿಕೊಂಡಿತು. ಜಾರಿದ್ದು ಯಾರ ಕಡೆಯ ತುದಿ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ.

ಅಪ್ಪ ಕಮಲಾಪುರದಲ್ಲಿ ಮಾಸ್ತರರಾಗಿದ್ದರು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಅಲ್ಲಿ ಅಂಗಡಿಗಳ ಬೋರ್ಡು ಬರೆಯುವ, ಫೋಟೊಗಳಿಗೆ ಕಟ್ಟು ಹಾಕುವ ಮುಸಲ್ಮಾನ ಪೇಂಟರೊಬ್ಬರಿದ್ದರು. ರಿಪೇರಿ ಅವರಿಂದಲೇ ಆಗಬೇಕೆಂದರು ಅಪ್ಪ. "ಇಲ್ಲಿ ಕೊಟ್ಟರ ಅಸಲಿ ತಾವು ಇಟ್ಕೊಂಡು ನಮಗ ನಕಲಿ ಕೊಡ್ತಾರ."

ನಮ್ಮ ಶಾಲೆಗೆ ರಜೆ ಇದ್ದುದರಿಂದ ನಾನೂ ಹೊರಟೆ. ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತು. ಚಾದರ ಸುತ್ತಿದ ಅಜ್ಜನನ್ನು ಅದರ ಮೇಲೆ ಕೂರಿಸಿ ನಾವಿಬ್ಬರೂ ನಿಂತೆವು. ಬುಟ್ಟಿ ಹೊತ್ತ ಹೆಂಗಸೊಬ್ಬಳು ಅದನ್ನು ಸರಿಸಲು ಹೇಳಿದಾಗ ಅಪ್ಪ ಗಂಭೀರವಾಗಿ, "ಹಿರಿಯರು ಕುಂತಾರವ್ವಾ" ಎಂದರು. ಅವಳು ದೂರ ಸರಿದಳು.

ಪೇಂಟರು ಚಾದರ ಬಿಚ್ಚಿ ಬಹಳ ಹೊತ್ತು ಚಿತ್ರವನ್ನೇ ನೋಡಿದರು. ಅಪ್ಪ ಮುತ್ತಜ್ಜನಿಂದ ಹಿಡಿದು ನನ್ನ ಮೂಗಿನವರೆಗಿನ ಇತಿಹಾಸವನ್ನೆಲ್ಲ ಹೇಳಿದರು. "ಹೌದೇನ್ರಿ ಮಾಸ್ತರ್ರ" ಎಂದಷ್ಟೇ ಅವರು ಅಂದರು. ಅಪ್ಪ ನನ್ನನ್ನು ಅಲ್ಲೇ ಕೂರಿಸಿ ಶಾಲೆಗೆ ಹೋದ ಮೇಲೆ ಪೇಂಟರು ಚಿತ್ರದ ಹಿಂದಿನ ಹಲಗೆ ಬಿಚ್ಚಿದರು. ಚಿತ್ರ ಬರೆದ ಬಟ್ಟೆಯ ಬೆನ್ನಿಗೆ, ಮೂಲೆಯಲ್ಲಿ ಉರ್ದುವಿನಲ್ಲಿ ಏನೋ ಬರೆದಿತ್ತು.

"ಇದು ನಮ್ಮ ಉಸ್ತಾದರ ಹೆಸರು ಬೇಟಿ. ವಿಲಾಯತಿ ಬಿಸ್ಕೀಟಿನ ಡಬ್ಬಿ ಮ್ಯಾಲಿನ ಚಿತ್ರ ನೋಡಿ ಬರದಿದ್ರು. ನಾ ಆಗ ಅವರ ಹಂತ್ಯಾಕ ಕಲೀಲಾಕತ್ತಿದ್ದೆ. ಈ ಹಣ್ಣಿಗಿ ಬಣ್ಣ ಹಚ್ಚಿದಾಂವ ನಾನೇ. ಅದಕ್ಕ ಅದು ಆಲೂಗಡ್ಡಿ ಕಂಡಂಗ ಕಾಣ್ತದ."

ನಾನು ನಗಲಿಲ್ಲ. ಕುರ್ಚಿಯ ಮೇಲೆ ನಿಂತು ನಿಂತು ಸವೆದ ನನ್ನ ಬಾಲ್ಯವೆಲ್ಲ ಒಂದು ಬಿಸ್ಕೀಟಿನ ಡಬ್ಬಿಗಾಗಿ ಹೋಯಿತಲ್ಲ ಎಂದು ಅಳು ಬಂತು. ಅವರು ಚಿತ್ರವನ್ನು ಗೋಡೆಗೆ ಆನಿಸಿಟ್ಟು ನನ್ನನ್ನು ಬಾಗಿಲ ಬಳಿ ಕರೆದೊಯ್ದರು.

"ಇಲ್ಲಿಂದ ನೋಡು. ಮೂಗ ಬಿಡು. ಬೆಳಕ ಯಾ ಕಡಿಂದ ಬರಾಕತ್ತದ?"

"ಎಡಗಡಿಂದ."

"ಶಾಬಾಸ್. ಈಗ ತುಟಿ ನೋಡು."

ನೋಡಿದೆ. ಕೆಳತುಟಿ ಒಂದಿಷ್ಟು ಮುಂದೆ ಬಂದಿತ್ತು. ಒಂದು ಮೊಣಕಾಲು ಸಡಿಲವಾಗಿ ಬಾಗಿತ್ತು. ಹಣ್ಣನ್ನು ತಿನ್ನುವಂತೆ ಹಿಡಿದಿರಲಿಲ್ಲ, ಯಾರೋ ಬೀಳಿಸಬೇಡ ಎಂದು ಗದರಿದ್ದಕ್ಕೆ ಹಿಡಿದಂತಿತ್ತು.

"ಈ ಕೂಸಿಗಿ ನಿಂತು ನಿಂತು ಸಾಕಾಗ್ಯದ" ಎಂದೆ.

"ಮತ್ತ? ನಿಂತಕೊಳ್ಳೂದು ಅಂದ್ರ ಸಣ್ಣ ಕೆಲಸೇನು? ಡಬ್ಬಿ ಚಿತ್ರ ಮೊದಲ ಬರದ ವಿಲಾಯತಿ ದೊರಿಗಿ ಅದು ಕಂಡಿತ್ತು. ನಮ್ಮ ಉಸ್ತಾದರಿಗೂ ಕಂಡಿತ್ತು. ಈಗ ನಿನಗ ಕಂಡದ."

ಹತ್ತು ವರ್ಷ ಆ ಚಿತ್ರದ ಕೆಳಗೆ ಉಂಡು ಆಡಿ ಬೆಳೆದವಳು ಆ ಹುಡುಗನ ಮುಖವನ್ನು ಅಂದೇ ಮೊದಲು ನೋಡಿದೆ.

ಸಂಜೆ ಬಸ್ಸಿನಲ್ಲಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಊರು ಬರುವವರೆಗೂ ರಿಪೇರಿಯಾದ ಚಿತ್ರಕ್ಕೆ ಸುತ್ತಿದ ಚಾದರವನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದರು. ಇಳಿಯುವಾಗ ಮೆಲ್ಲಗೆ, "ಆ ಬಿಸ್ಕೀಟಿನವರಿಗೆ ನಮ್ಮಪ್ಪನ ಚಿತ್ರ ಹ್ಯಾಂಗ ಸಿಕ್ಕಿರಬೇಕು?" ಎಂದರು. ದೊಡ್ಡಪ್ಪನಿಗೆ ಸುದ್ದಿ ಮುಟ್ಟಿದಾಗ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಜ್ಜನ ಕೀರ್ತಿ ವಿಲಾಯತಿಯವರೆಗೆ ಹಬ್ಬಿತ್ತೆಂದು ಕಾಲೋನಿಯ ತುಂಬ ಹೇಳಿಕೊಂಡು ಬಂದರು. ಚಿತ್ರದ ಬೆಲೆ ಹೀಗೆ ಏರಿದ ಮೇಲೆ ಅದು ಹಿರಿಯ ಮಗನ ಮನೆಗೇ ಹೋಯಿತು.

ಅಜ್ಜಿ ಇದನ್ನೆಲ್ಲ ಹತ್ತಿಯ ಬತ್ತಿ ಹೊಸೆಯುತ್ತ ಕೇಳುತ್ತಿದ್ದಳು. ಅವಳು ಮದುವೆಯಾಗಿ ಬಂದಾಗ ಅಜ್ಜನಿಗೆ ಹದಿನಾಲ್ಕು. ಒಬ್ಬಳೇ ಇದ್ದಾಗ ಕೇಳಿದೆ. "ಅಜ್ಜಿ, ಅಜ್ಜ ಸಣ್ಣಾಂವ ಇದ್ದಾಗ ಹಂಗ ಇದ್ನೇನು?"

"ಅವರದು ಗುಂಡ ಮುಖ, ಕರೇ ಬಣ್ಣ, ಚಪ್ಪಟಿ ಮೂಗ" ಎಂದಳು.

"ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ನನ್ನ ಯಾರ ಕೇಳ್ಯಾರ?"

ಮುಂದಿನ ರಜೆಯಲ್ಲಿ ಅಪ್ಪನ ಜೊತೆ ಮತ್ತೆ ಕಮಲಾಪುರಕ್ಕೆ ಹೋದೆ. ಮನೆಯಲ್ಲಿ ನಡೆದದ್ದನ್ನೆಲ್ಲ ಪೇಂಟರಿಗೆ ಹೇಳಿದೆ. ಅವರು ಕುಂಚ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಒಂದು ಕಾಗದ, ಒಂದು ಪೆನ್ಸಿಲ್ಲು ಕೊಟ್ಟು, ಬಾಗಿಲಲ್ಲಿ ಕುಳಿತು ಯಾರದಾದರೂ ಮುಖ ಬರೆ ಎಂದರು. ಎದುರಿಗೆ ಸಂತೆ ನೆರೆದಿತ್ತು. ಬಾಳೆಹಣ್ಣು ಮಾರುವವಳೊಬ್ಬಳು ಬರೆಸಿಕೊಳ್ಳಲು ಒಪ್ಪಿ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು.

"ಕುಂತಕೋರಿ ಅವ್ವ, ಆರಾಮ ಕುಂತಕೋರಿ" ಎಂದೆ.